ಪುರಂದರದ ಬದಿಯಲ್ಲಿ ವಸಂತದ ಸಂಜೆ: ಸೂರ್ಯ ಬೆನ್ನಿಗಿರಲಿ

ಪುಣೆಯ ಸುತ್ತ ವಸಂತವೆಂದರೆ ಹಸಿರಲ್ಲ. ಮಾರ್ಚ್ ಹೊತ್ತಿಗೆ ಗುಡ್ಡಗಳೆಲ್ಲ ಒಣಹುಲ್ಲಿನ ಕಂದು. ಬಣ್ಣ ಇರುವುದು ಎಲೆ ಉದುರಿಸಿ ಹೂ ಹೊತ್ತ ಮುತ್ತುಗ, ಹಾಲಿವಾಣದ ಮರಗಳಲ್ಲಿ ಮತ್ತು ಸಂಜೆಯ ಓರೆಬಿಸಿಲಿನಲ್ಲಿ. ಅದಕ್ಕೇ ಫೋಟೊ ತೆಗೆಯಲು ಕಾರಿನಲ್ಲಿ ಹೊರಟಾಗ ನಾನು ದಾರಿ ಆರಿಸುವುದು ಸೂರ್ಯ ಯಾವ ಕಡೆ ಇರುತ್ತಾನೆಂದು ನೋಡಿ. ಎಲ್ಲರೂ ಹೋಗುವ ಮುಳಶಿ–ತಾಮ್ಹಿಣಿ ದಾರಿ ಪಶ್ಚಿಮಕ್ಕೆ ಸಾಗುತ್ತದೆ. ಸಂಜೆ ಹೊರಟರೆ ಬಿಸಿಲು ನೇರ ಕಣ್ಣಿಗೆ, ಮುಂದಿನ ಗಾಜಿನ ಧೂಳೆಲ್ಲ ಹೊಳೆದು ಎದುರಿನ ಬೈಕೇ ಕಾಣುವುದಿಲ್ಲ. ಅದು ಮುಂಜಾನೆಯ ದಾರಿ.

ಸಂಜೆಗೆ ನನ್ನ ಸುತ್ತು ಬೇರೆ: ಸ್ವಾರಗೇಟ್, ಕಾತ್ರಜ್ ಸುರಂಗ, ಖೇಡ್ ಶಿವಾಪುರದ ಟೋಲ್, ಕಾಪುರ್‌ಹೋಳ್. ಅಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿ ನಾರಾಯಣಪುರ, ಸಾಸವಡ್. ಮರಳುವಾಗ ದಿವೆ ಘಾಟ್ ಇಳಿದು ಹಡಪ್ಸರ್. ಒಟ್ಟು ಸುಮಾರು 100 ಕಿ.ಮೀ. ಬೆಳಗಾವಿ, ಹುಬ್ಬಳ್ಳಿಗೆ ಹೋಗುವಾಗ ನಾವೆಲ್ಲ ಈ ತಿರುವನ್ನು ನೋಡದೇ ದಾಟಿಬಿಡುತ್ತೇವೆ. ಕಾಪುರ್‌ಹೋಳ್ ನಂತರ ರಸ್ತೆ ಪೂರ್ವಕ್ಕೆ ಹೊರಳುತ್ತದೆ, ಸೂರ್ಯ ಬೆನ್ನಿಗೆ ಬರುತ್ತಾನೆ, ಬಲಗಡೆ ಮುಂದೆ ಪುರಂದರ ಮತ್ತು ವಜ್ರಗಡ ಕೋಟೆಗುಡ್ಡಗಳ ಪಶ್ಚಿಮದ ಮೈ ಬೆಳಗತೊಡಗುತ್ತದೆ. ಕೋಟೆ ಹತ್ತುವ ಯೋಚನೆ ಸಂಜೆಗೆ ಬೇಡ. ಕೆಳಗಿನಿಂದಲೇ ಅದು ಚೆಂದ.

ಹೊತ್ತಿನ ಲೆಕ್ಕವನ್ನು ಸೂರ್ಯಾಸ್ತದಿಂದ ಹಿಂದಕ್ಕೆ ಹಾಕಬೇಕು. ಮಾರ್ಚ್ 20ರ ಆಸುಪಾಸಿನಲ್ಲಿ ಪುಣೆಯಲ್ಲಿ ಸೂರ್ಯಾಸ್ತ ಸುಮಾರು 6:45ಕ್ಕೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಗಂಟೆಗೆ 14 ಡಿಗ್ರಿಯಷ್ಟು ಇಳಿಯುತ್ತಾನೆ, ಅಂದರೆ ಕೊನೆಯ 10 ಡಿಗ್ರಿಗೆ ಸಿಗುವುದು 40 ನಿಮಿಷಕ್ಕಿಂತ ಸ್ವಲ್ಪವೇ ಹೆಚ್ಚು. ತೋಳು ಪೂರ್ತಿ ಚಾಚಿ ಸೂರ್ಯನಿಗೂ ದಿಗಂತಕ್ಕೂ ನಡುವೆ ಬೆರಳುಗಳನ್ನು ಅಡ್ಡ ಹಿಡಿದರೆ ಒಂದೊಂದು ಬೆರಳಿಗೆ ಹತ್ತಿರಹತ್ತಿರ 8 ನಿಮಿಷ. ಇಲ್ಲಿ ಹೊಸಬರು ಮರೆಯುವುದು ಪಶ್ಚಿಮದ ಗುಡ್ಡವನ್ನು: ಅದು ಮೂರು ಬೆರಳು ಎತ್ತರವಿದ್ದರೆ ಪಂಚಾಂಗದ ಹೊತ್ತಿಗಿಂತ 25 ನಿಮಿಷ ಮೊದಲೇ ನೀವು ನಿಂತ ಹೊಲಕ್ಕೆ ನೆರಳು ಬೀಳುತ್ತದೆ. ಆದ್ದರಿಂದ 5:30ಕ್ಕೆ ಕಾಪುರ್‌ಹೋಳ್ ತಿರುವಿನಲ್ಲಿರಬೇಕು. ಕಾತ್ರಜ್ ಚೌಕದ ಗದ್ದಲ ನೋಡಿದರೆ ಸ್ವಾರಗೇಟನ್ನು 4ಕ್ಕೆ ಬಿಡುವುದೇ ಕ್ಷೇಮ.

ಮುತ್ತುಗದ ಫೋಟೊ ತೆಗೆಯುವುದು ಕಾಣುವಷ್ಟು ಸುಲಭವಲ್ಲ. ಆಕಾಶದ ಎದುರು ಹಿಡಿದರೆ ಹೂ ಕಪ್ಪಾಗುತ್ತದೆ. ನೆರಳು ಬಿದ್ದ ಗುಡ್ಡ ಹಿಂದಿರಬೇಕು, ಬೆಳಕು ಹೂವಿನ ಹಿಂದಿನಿಂದಲೋ ಪಕ್ಕದಿಂದಲೋ ಬರಬೇಕು. ಆಗ ಎಸಳೇ ದೀಪವಾಗುತ್ತದೆ. ಇದಕ್ಕೆ ಮಾತ್ರ ಕಾರು ನಿಲ್ಲಿಸಿ ಮರದ ಪೂರ್ವಕ್ಕೆ ನಡೆದು ಹಿಂತಿರುಗಿ ನೋಡಬೇಕು. ಇನ್ನೊಂದು ತೊಡಕು ಬಣ್ಣದ್ದು: ಕಿತ್ತಳೆಗೆಂಪಿನಲ್ಲಿ ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಪಾಲು) ಮೊದಲು ತುಂಬಿ ಹರಿಯುತ್ತದೆ, ಒಟ್ಟು ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರುವ ನಕ್ಷೆ) ಸರಿಯಿದ್ದಂತೆ ಕಂಡರೂ ಎಸಳಿನ ನೆರಿಗೆ ಅಳಿಸಿ ಹೋಗಿರುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಮ್ ತೆರೆದಿಟ್ಟು, ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ), ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ಕಡತದಲ್ಲಿ, ತೆಗೆಯುತ್ತೇನೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಸಂಜೆಯ ಬಂಗಾರವನ್ನು ತೊಳೆದು ಬಿಳಿ ಮಾಡುತ್ತದೆ. ಅದನ್ನು ಹಗಲ ಬಿಸಿಲಿನ ಅಳತೆಯಾದ 5200 ಕೆಲ್ವಿನ್‌ಗೆ ಕಟ್ಟಿಹಾಕಿ. 70–200 ಮಿ.ಮೀ. ಲೆನ್ಸ್, ಎಫ್ 8 (ಲೆನ್ಸಿನ ಕಿಂಡಿಯ ಅಳತೆ), ಐಎಸ್ಒ 400 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ). ಸಂಜೆ ಪಶ್ಚಿಮದ ಗಾಳಿ ಎದ್ದು ಟೊಂಗೆ ತೂಗುವುದರಿಂದ ಶಟರ್ 1/500 ಸೆಕೆಂಡಿಗಿಂತ ನಿಧಾನ ಬೇಡ. ಬೆಳಕು ಸಾಲದಾದರೆ ಐಎಸ್ಒ ಏರಿಸಿ.

ಪೋಲರೈಸರ್ (ಆಕಾಶದ ನೀಲಿ ಗಾಢವಾಗಿಸಲು ಲೆನ್ಸಿಗೆ ಹಾಕುವ ಫಿಲ್ಟರ್) ಬಗ್ಗೆ ಅತಿಯಾದ ನಂಬಿಕೆ ಇದೆ. ಅದರ ಕೆಲಸ ಸೂರ್ಯನಿಗೆ 90 ಡಿಗ್ರಿ ಕೋನದ ಆಕಾಶದಲ್ಲಿ ಹೆಚ್ಚು. ಸೂರ್ಯ ಬೆನ್ನಿಗಿದ್ದಾಗ ಆಕಾಶಕ್ಕೆ ಏನೂ ಮಾಡದೆ ಒಂದೂವರೆ ಸ್ಟಾಪ್ ಬೆಳಕು ನುಂಗುತ್ತದೆ. ಕಾರಿನ ಗಾಜಿನ ಮೂಲಕ ಹಿಡಿದರಂತೂ ಗಾಜಿನ ಒತ್ತಡದ ಕಲೆಗಳು ಚಿತ್ರದಲ್ಲಿ ಮೂಡುತ್ತವೆ. ಮಬ್ಬಿಗೂ ಅದು ಮದ್ದಲ್ಲ. ಮಾರ್ಚಿನ ಧೂಳು, ಗುಡ್ಡದ ಹುಲ್ಲಿಗೆ ಬಿದ್ದ ಬೆಂಕಿಯ ಹೊಗೆ ಸೇರಿದಾಗ ದೂರದ ಕೋಟೆಯನ್ನು ಬಿಟ್ಟು ಹತ್ತಿರದ ಜೋಳದ ಕಣಕಿ ಬಣವಿಗಳಿಗೆ ತಿರುಗುವುದು ಜಾಣತನ.

ಕಾರಿನೊಳಗಿಂದ ತೆಗೆಯಲೇಬೇಕಾದರೆ ಗಾಜು ಪೂರ್ತಿ ಇಳಿಸಿ, ಎಂಜಿನ್ ಆರಿಸಿ, ಒಂದೂವರೆ ಕಿಲೋ ಅಕ್ಕಿ ತುಂಬಿದ ಬಟ್ಟೆಚೀಲ ಬಾಗಿಲ ಮೇಲಿಟ್ಟು ಅದರ ಮೇಲೆ ಲೆನ್ಸ್. ಬಾನೆಟ್ ಮೇಲಿಂದ ಗುರಿಯಿಟ್ಟರೆ ಬಿಸಿಗಾಳಿ ಚಿತ್ರವನ್ನು ಕಲಕುತ್ತದೆ. ಲೆನ್ಸ್ ಬದಲಿಸುವಾಗ ಗಾಜು ಏರಿಸಿ, ಎಸಿ ಬ್ಲೋವರ್ ನಿಲ್ಲಿಸಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ. ನಿಲ್ಲಿಸುವ ಜಾಗ ಹೊಲದ ದಾರಿ ಸೇರುವ ಕಡೆ, ದಾರಿ ಕಟ್ಟದ ಹಾಗೆ. ಕತ್ತಲಾಗುವಾಗ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿಗಳು ಈ ರಸ್ತೆಯ ದೊಡ್ಡ ಅಪಾಯ. ರಸ್ತೆಬದಿಯಲ್ಲಿ ಪುರಂದರದ ಅಂಜೂರ ಕಂಡರೆ ಬೆಳಕಿರುವಾಗಲೇ ಕೊಳ್ಳಿ, ಹಿಸುಕಿದ್ದು ಕತ್ತಲಲ್ಲಿ ತಿಳಿಯದು.

ನಾರಾಯಣಪುರದಲ್ಲಿ ಸೂರ್ಯಾಸ್ತವನ್ನೂ ದಿವೆ ಘಾಟಿನಲ್ಲಿ ಅದರ ನಂತರದ ನೀಲಿ ಬೆಳಕನ್ನೂ ಒಟ್ಟಿಗೆ ಹಿಡಿಯಲಾಗದು; ಮುಸ್ಸಂಜೆಯ ಬೆಳಕು 20–22 ನಿಮಿಷದಲ್ಲಿ ಮುಗಿಯುತ್ತದೆ, ಸಾಸವಡ್ ಪೇಟೆ ದಾಟುವುದಕ್ಕೇ ಅದು ಸಾಲದು. ಕೋಟೆಯ ಬೆಳಕು ಮುಖ್ಯವೆಂದು ನಾನು ಘಾಟನ್ನು ಪೂರ್ತಿ ಕತ್ತಲೆಗೆ ಬಿಡುತ್ತೇನೆ. ಕೆಳಗೆ ಮಸ್ತಾನಿ ಕೆರೆ ಕಾಣದಿದ್ದರೂ ಆಚೆ ಪುಣೆಯ ದೀಪಗಳಿರುತ್ತವೆ, ತಿರುವುಗಳಲ್ಲಿ ವಾಹನಗಳ ಬೆಳಕಿನ ಗೆರೆ ಸಿಗುತ್ತದೆ. ಐಎಸ್ಒ 100, ಎಫ್ 11, 15 ಸೆಕೆಂಡ್, ಟೈಮರ್ 2 ಸೆಕೆಂಡ್. ತಿರುವಿನಲ್ಲಿ ನಿಲ್ಲಬೇಡಿ, ಮೇಲಿನ ಅಗಲ ಜಾಗದಲ್ಲೇ ನಿಲ್ಲಿ. ಟ್ರೈಪಾಡ್ ಕಾಲು ರಸ್ತೆಯ ಕಟ್ಟೆಗೆ ತಾಗದಿರಲಿ: ಲಾರಿ ಹಾದಾಗ ಕಟ್ಟೆ ನಡುಗಿ ಗೆರೆಗಳೆಲ್ಲ ಜೋಡಿಯಾಗಿ ಮೂಡುತ್ತವೆ.