ಮಿಕ್ಸಿಯ ಜ್ಯೂಸ್ ಜಾರಿನಲ್ಲೇ ನುಣ್ಣನೆಯ ಟೊಮೆಟೊ ಸಾಸ್

ಮಿಕ್ಸಿ ಜೊತೆ ಬರುವ ಜ್ಯೂಸ್ ಜಾರ್ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೇ ಇರುತ್ತದೆ. ಅದರೊಳಗೆ ಬ್ಲೇಡಿನ ಮೇಲೆ ಕೂರುವ ಕೊಳವೆಯಂಥ ಜರಡಿ ಇದೆಯಲ್ವಾ, ಸಾಸ್ ಮಾಡಲು ಬೇಕಾಗಿರುವುದು ಅದೇ. ಟೊಮೆಟೊ ಸಿಪ್ಪೆ ಸುಲಿಯುವ ಕೆಲಸವೂ ಇಲ್ಲ, ಸೌಟಿನಲ್ಲಿ ಉಜ್ಜಿ ಉಜ್ಜಿ ಸೋಸುವ ಕೆಲಸವೂ ಇಲ್ಲ.

ಕೋಲಾರದ ಮಂಡಿಯಲ್ಲಿ ಟೊಮೆಟೊ ಲೆಕ್ಕ 15 ಕೆಜಿ ಬಾಕ್ಸಿನದು. 2023ರ ಜುಲೈನಲ್ಲಿ ಒಂದು ಬಾಕ್ಸ್ 2000 ರೂಪಾಯಿ ದಾಟಿತ್ತು, ಬೆಲೆ ಬಿದ್ದಾಗ ಅದೇ ಹಣ್ಣನ್ನು ರೈತರು ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅಗ್ಗವಾದಾಗ 3 ಕೆಜಿ ಜಾಸ್ತಿ ತಂದು ಸಾಸ್ ಮಾಡಿಡಿ. ಉದ್ದನೆಯ, ಗಟ್ಟಿ ತಿರುಳಿನ ಹಣ್ಣು ಆರಿಸಿ, ಪೂರ್ತಿ ಕೆಂಪಾಗಿರಲಿ. ನಾಟಿ ಟೊಮೆಟೊ ಸಾರಿಗೆ ಚೆನ್ನ, ಆದರೆ ಅದರಲ್ಲಿ ಬೀಜ, ನೀರು ಜಾಸ್ತಿ. ಸಾಸಿಗೆ ಹಾಕಿದರೆ ಕುದಿಸಿ ಕುದಿಸಿ ಗ್ಯಾಸ್ ಖರ್ಚು.

ಹೆಚ್ಚುವಾಗ ಒಂದು ವಿಷಯ ಗಮನಿಸಿ. ಎಲ್ಲವನ್ನೂ ಹೆಚ್ಚಿ ಗುಡ್ಡೆ ಹಾಕಿ ಆಮೇಲೆ ಒಲೆ ಹಚ್ಚಬೇಡಿ. ಅಗಲವಾದ ಸ್ಟೀಲ್ ಪಾತ್ರೆಯನ್ನು ಮೊದಲೇ ಕಾಯಲು ಇಟ್ಟು, ಹೆಚ್ಚಿದ ಹಾಗೆ ಹಾಗೆಯೇ ಬಿಸಿ ಪಾತ್ರೆಗೆ ಹಾಕುತ್ತಾ ಹೋಗಿ. ಹಸಿ ಟೊಮೆಟೊ ಕತ್ತರಿಸಿಟ್ಟರೆ ಅದರಲ್ಲೇ ಇರುವ ಕಿಣ್ವಗಳು ಪೆಕ್ಟಿನ್ ಒಡೆಯಲು ಶುರು ಮಾಡುತ್ತವೆ, ಸಾಸಿಗೆ ಗಟ್ಟಿತನ ಕೊಡುವುದೇ ಪೆಕ್ಟಿನ್. ಬೇಗ ಬಿಸಿ ತಾಗಿದರೆ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಜೊತೆಗೆ ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ನಾಲ್ಕೈದು ಬ್ಯಾಡಗಿ ಮೆಣಸಿನಕಾಯಿ ಹಾಕಿ. ಬ್ಯಾಡಗಿ ಬಣ್ಣಕ್ಕೆ, ಖಾರ ಕಡಿಮೆ. ನೀರು ಬೇಡವೇ ಬೇಡ. 20 ನಿಮಿಷದಲ್ಲಿ ಎಲ್ಲ ಮೆತ್ತಗಾಗುತ್ತದೆ.

ಈಗ ಪೂರ್ತಿ ಆರಲು ಬಿಡಿ. ಒಮ್ಮೆ ಅವಸರಕ್ಕೆ ಬಿಸಿಬಿಸಿಯಾಗೇ ಜಾರಿಗೆ ಹಾಕಿದ್ದೆ. ಆವಿ ತುಂಬಿ ಮುಚ್ಚಳ ಹಾರಿ ಕೈ ಸುಟ್ಟಿತು, ಗೋಡೆಯ ಟೈಲ್ಸ್ ತುಂಬ ಟೊಮೆಟೊ. ಹಾಗಾಗಿ ಇದನ್ನು ದಯವಿಟ್ಟು ಸುಮ್ನೆ ಓದಿ ಬಿಡಬೇಡಿ.

ಜರಡಿಯನ್ನು ಜಾರಿನ ತಳದ ಕಚ್ಚಿಗೆ ಸರಿಯಾಗಿ ಕೂರಿಸಿ, ಕೈಯಲ್ಲಿ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಬೀಜ ಅಡಿಯಿಂದ ನುಸುಳಿ ರಸಕ್ಕೆ ಸೇರುತ್ತದೆ. ಮುಚ್ಚಳ ಹಾಕಿ, ನಡುವಿನ ತೂತಿನಿಂದ ಎರಡು ಮೂರು ಸೌಟು ಬೆಂದ ಟೊಮೆಟೊವನ್ನು ಜರಡಿಯೊಳಗೆ ಬಿಡಿ. ವೇಗ ಒಂದರಲ್ಲೇ ಇರಲಿ, ಅದೂ ನಾಲ್ಕೈದು ಸೆಕೆಂಡ್ ಓಡಿಸಿ ನಿಲ್ಲಿಸಿ, ಮತ್ತೆ ಓಡಿಸಿ. ಜೋರಾಗಿ ತಿರುಗಿಸಿದರೆ ಬೀಜ ಒಡೆದು ಕಹಿಯಾಗುತ್ತದೆ, ಗಾಳಿ ಸೇರಿ ನೊರೆ ಬಂದು ಕೆಂಪು ಹೋಗಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರಸ ಜರಡಿಯಿಂದ ಹೊರಗೆ ಬಂದು ಜಾರಿನಲ್ಲಿ ನಿಲ್ಲುತ್ತದೆ, ಸಿಪ್ಪೆ ಬೀಜ ಒಳಗೇ ಉಳಿಯುತ್ತವೆ.

ಒಳಗೆ ಉಳಿದ ಹಿಪ್ಪೆಯನ್ನು ಎಸೆಯಬೇಡಿ. ಸಿಪ್ಪೆಗೆ ಅಂಟಿಕೊಂಡ ತಿರುಳೇ ಗಟ್ಟಿ ತಿರುಳು. ಎಲ್ಲ ಹಿಪ್ಪೆಯನ್ನು ಒಟ್ಟು ಮಾಡಿ, ತೆಳ್ಳಗೆ ಬಂದ ರಸ ಒಂದು ಸೌಟು ಬೆರೆಸಿ, ಮತ್ತೊಮ್ಮೆ ತಿರುಗಿಸಿ. ಎರಡನೇ ಸಲ ಬರುವುದು ಮಂದವಾಗಿ, ಪಾಯಸದ ಹಾಗೆ ಇಳಿಯುತ್ತದೆ. ಕೊನೆಗೆ ಉಳಿದ ಸಿಪ್ಪೆ ಬೆರಳಿಗೆ ಒಣಗಿದ ಹಾಗೆ ಸಿಕ್ಕಿದರೆ ಸಾಕು. ಆಗಲೇ ಜರಡಿಯನ್ನು ನಲ್ಲಿ ಕೆಳಗೆ ಹಿಡಿದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹೊರಗಿನಿಂದ ಒಳಕ್ಕೆ ತಿಕ್ಕಿ, ಒಣಗಿದ ಮೇಲೆ ತೂತು ಬಿಡಿಸುವುದು ಬಲು ಕಷ್ಟ.

ರಸವನ್ನು ಕುದಿಯಲು ಇಡಿ. ಚಕ್ಕೆ, ನಾಲ್ಕು ಲವಂಗ, ಹತ್ತು ಕಾಳುಮೆಣಸನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅದರಲ್ಲೇ ಬಿಡಿ. ಮೂರನೇ ಒಂದು ಭಾಗಕ್ಕೆ ಇಳಿಯಬೇಕು, ಕೊನೆಕೊನೆಗೆ ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಬಳಸಿ. ಗಟ್ಟಿಯಾಗುತ್ತಾ ಬಂದಾಗ 150 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ಉಪ್ಪು, ಇಳಿಸುವ ಮೊದಲು 75 ಮಿಲಿ ವಿನೆಗರ್. ವಿನೆಗರ್ ರುಚಿಗೆ ಮಾತ್ರ ಅಲ್ಲ, ಸಾಸ್ ಕೆಡದಿರುವುದಕ್ಕೂ ಬೇಕು, ಬಿಡಬೇಡಿ. ತಟ್ಟೆಯ ಮೇಲೆ ಒಂದು ಹನಿ ಹಾಕಿ ಓರೆ ಮಾಡಿ. ಸುತ್ತ ನೀರಿನ ಉಂಗುರ ಬಿಟ್ಟರೆ ಇನ್ನೂ ಕುದಿಯಲಿ, ಬಿಡದಿದ್ದರೆ ಆಯಿತು.

ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ, ಒಂದು ತಿಂಗಳೊಳಗೆ ಮುಗಿಸಿ. ಒದ್ದೆ ಚಮಚ ಹಾಕಬಾರದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಡಿ.