ಗಾಳಿ ಊದಿ ಕ್ಯಾರವಾನ್ ಸೋರಿಕೆ ಹಿಡಿದ ಬಗೆ: ನನ್ನ ಅನುಭವ

ಟೆಂಪೊ ಟ್ರಾವೆಲರನ್ನು ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವಂಥ ಕ್ಯಾರವಾನ್ ಮಾಡಿಕೊಂಡವರು ಸಾಮಾನ್ಯವಾಗಿ ಮಳೆಗಾಲದಲ್ಲಿ ಸೋರಿಕೆ ಹುಡುಕುತ್ತಾರೆ. ನಾನು ಅದನ್ನು ಹಿಡಿದದ್ದು ಹನಿ ಮಳೆಯಿಲ್ಲದ ಫೆಬ್ರವರಿಯಲ್ಲಿ, ಗಾಡಿಯೊಳಗೆ ಗಾಳಿ ಊದಿ, ಹೊರಗೆ ಸೋಪಿನ ನೀರು ಬಳಿದು. ಒಳಗಿನ ಗಾಳಿ ಹೊರಬರುವ ಸಂದಿನಲ್ಲಿ ಗುಳ್ಳೆ ಏಳುತ್ತದೆ; ಮಳೆನೀರು ಒಳನುಗ್ಗಬಲ್ಲ ಜಾಗವೂ ಅದೇ. ‘ಬಾಗಿಲು ಮುಚ್ಚಿದರೂ ಗಾಳಿ ನಿಲ್ಲದ ಡಬ್ಬ ಇದು, ಗುಳ್ಳೆ ಎಲ್ಲಿಂದ ಏಳಬೇಕು ಸಾರ್?’ ಎಂದು ಬಾಡಿ ಕಟ್ಟುವ ಮೇಸ್ತ್ರಿಗಳೂ ಗೆಳೆಯರೂ ನಕ್ಕಿದ್ದರು. ಆಮೇಲೆ ಬೆಂಗಳೂರಿನ ಸೆಪ್ಟೆಂಬರ್, ಅಕ್ಟೋಬರ್ ಮಳೆಗಳು ಚೆನ್ನಾಗಿಯೇ ಬಡಿದಿವೆ. ಒಳಗಿನ ಹಲಗೆ ಒಣಗಿಯೇ ಇದೆ.

ಅದಕ್ಕೂ ಮೊದಲು ಸಂದು ಮುಚ್ಚುವ ಸಿಲಿಕೋನ್ ಅಂಟಿಗೆ ಸುರಿದ ಹಣವೇ ಇಪ್ಪತ್ತು ಸಾವಿರಕ್ಕೆ ಕಡಿಮೆಯಿಲ್ಲ. ಹನಿ ಬೀಳುತ್ತಿದ್ದುದು ಎಡಗಡೆಯ ಹಾಸಿಗೆಯ ಮೇಲೆ. ಹಾಗಾಗಿ ಹೋದ ವರ್ಕ್‌ಶಾಪುಗಳಲ್ಲೆಲ್ಲ ಎಡಗಡೆಯ ಕಿಟಕಿಯ ಬೀಡಿಂಗ್ (ಅಂಚಿನ ಪಟ್ಟಿ) ಬಿಚ್ಚಿದರು, ಹಳೆಯ ಸಿಲಿಕೋನ್ ಮೇಲೆಯೇ ಹೊಸದನ್ನು ಬಳಿದರು. ಹಳೆಯದರ ಮೇಲೆ ಹೊಸದು ಕಚ್ಚಿಕೊಳ್ಳುವುದಿಲ್ಲ ಎಂಬುದು ಬಳಿಯುವವರಿಗೂ ಗೊತ್ತು. ಕೊನೆಗೆ ಒಬ್ಬರು ಚಾವಣಿಯ ತಗಡನ್ನೇ ಕೊಯ್ದು ಬದಲಿಸಬೇಕೆಂದು, ಬಣ್ಣವೂ ಸೇರಿ ಒಂದೂವರೆ ಲಕ್ಷ ಕೇಳಿದರು.

ಅದರ ಬದಲು ಗಾಳಿ ಊದಿ ನೋಡೋಣವೆಂದು, ಮೊದಲು ಎಕ್ಸಾಸ್ಟ್ ಫ್ಯಾನನ್ನು ಒಳಕ್ಕೆ ಬೀಸುವಂತೆ ತಿರುಗಿಸಿ ಕೂರಿಸಿದೆ. ಅದು ಗಾಳಿ ಬೀಸಿತೇ ಹೊರತು ಒತ್ತಡ ಕೊಡಲಿಲ್ಲ. ಆಮೇಲೆ ಗುಜರಿಯಲ್ಲಿ ಸುಮಾರು ಎರಡು ಸಾವಿರಕ್ಕೆ ಸಿಕ್ಕ ಹೋಟೆಲ್ ಅಡುಗೆಮನೆಯ ಹಳೆಯ ಬ್ಲೋವರನ್ನು ಒಂದು ಹಲಗೆಗೆ ಜೋಡಿಸಿ, ಚಾಲಕನ ಕಿಟಕಿಗೆ ಬಿಗಿದು, ಸಿಂಕಿನ ಕೊಳವೆ, ಚಾವಣಿಯ ಗವಾಕ್ಷಿ, ಪೆಡಲಿನ ಸುತ್ತಲಿನ ಸಂದುಗಳಿಗೆಲ್ಲ ಟೇಪು ಹಚ್ಚಿದೆ. ಗಾಡಿ ಪೂರ್ತಿ ಗಾಳಿಬಂದ್ ಆಗಬೇಕಿಲ್ಲ. ಸೋರಿ ಹೋಗುವುದಕ್ಕಿಂತ ಬೇಗ ಗಾಳಿ ತುಂಬಿದರೆ ಸಾಕು. ಸೋಪಿನ ನೀರು ಮಂದವಾಗಿರಬೇಕು. ಗುಳ್ಳೆ ಬೇಗ ಒಡೆಯದಂತೆ ನಾನು ಅದಕ್ಕೆ ಬೆರೆಸುವ ಇನ್ನೊಂದು ವಸ್ತುವಿನ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಕೆಲವರು ಬೆರಳು ತೋರಿಸಿದ್ದ, ಚಾವಣಿಯ ಮೇಲಿನ ಕ್ಯಾರಿಯರ್ ಬೋಲ್ಟುಗಳಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಹಿಂಬದಿಯ ಮೇಲ್ತುದಿಯ ಬ್ರೇಕ್ ದೀಪದ ಬಲ ಮೂಲೆಯಲ್ಲಿ, ಗ್ಯಾಸ್ಕೆಟ್ (ಸಂದು ಮುಚ್ಚುವ ರಬ್ಬರ್ ಪಟ್ಟಿ) ಸೆಟೆದು ನಿಂತಿದ್ದ ಉಗುರಗಲದ ಜಾಗದಲ್ಲಿ, ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಎದ್ದು ನೊರೆಯಾದವು. ಗಾಡಿ ನಿಲ್ಲುವ ಮನೆಯ ಮುಂದಿನ ರಸ್ತೆ ಎಡಕ್ಕೆ ವಾಲಿದೆ. ಹಾಗಾಗಿ ದೀಪದ ಮೂಲೆಯಲ್ಲಿ ನುಗ್ಗಿದ ನೀರು ಚಾವಣಿಯ ಅಡ್ಡಪಟ್ಟಿಯ ಗುಂಟ ಹರಿದು ಎಡಕ್ಕೆ ಬಂದು ತೊಟ್ಟಿಕ್ಕುತ್ತಿತ್ತು.

ದುರಸ್ತಿಯಲ್ಲಿ ಕಷ್ಟದ ಕೆಲಸವೆಂದರೆ ಹಳೆಯ ಸಿಲಿಕೋನ್ ಕೀಳುವುದು. ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಬಟ್ಟೆಗೆ ಜಿಡ್ಡು ಹತ್ತದಾಗುವವರೆಗೆ ಮತ್ತೆ ಒರೆಸಬೇಕು. ವಾಹನದ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಯಲ್ಲಿ ಹೊಸ ಗ್ಯಾಸ್ಕೆಟ್ ಕೊಂಡು, ದೀಪದ ಕೆಳಗೆ ಮೆತ್ತನೆಯ ರಬ್ಬರಿನಂಥ ಬ್ಯುಟೈಲ್ ಟೇಪು, ಅಂಚಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಿದೆ. ಬ್ಯುಟೈಲ್ ಬಹುಕಾಲ ಮೆತ್ತಗೇ ಇರುವ ಕಾರಣ ಗಾಡಿಯ ಅದುರಾಟಕ್ಕೆ ಸುಲಭವಾಗಿ ಬಿರುಕು ಬಿಡುವುದಿಲ್ಲ. ಕುಂಬಾದ ಹಲಗೆಯನ್ನು ಕಿತ್ತಾಗ ಅದರ ಹಿಂದೆ ಶಾಖ ತಡೆಯಲು ಇಟ್ಟಿದ್ದ ಗ್ಲಾಸ್‌ವುಲ್ (ಗಾಜಿನ ಎಳೆಯ ಹತ್ತಿ) ನೀರು ಕುಡಿದು ಭಾರವಾಗಿತ್ತು. ಅದನ್ನು ಎಸೆದು, ತುಕ್ಕು ಉಜ್ಜಿ, ಜಿಂಕ್ ಪ್ರೈಮರ್ ಹೊಡೆದು, ಅದರ ಜಾಗಕ್ಕೆ ನೈಟ್ರೈಲ್ ರಬ್ಬರ್ ಹಾಳೆ ಅಂಟಿಸಿದೆ.

ಹೊಸ ಪ್ಲೈವುಡ್ ಕೊಳ್ಳುವ ಮೊದಲು ಬೇರೆ ಬೇರೆ ಅಂಗಡಿಗಳ ತುಂಡುಗಳನ್ನು ತಂದು ಹಳೆಯ ಪಾತ್ರೆಯಲ್ಲಿ ಕುದಿಸಿದೆ. ಐ.ಎಸ್. 710 (ಭಾರತೀಯ ಮಾನಕ) ಮುದ್ರೆಯ, ನೀರು ತಡೆಯುವ ಮರೈನ್ ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಅದೇ ಮುದ್ರೆ ಹೊತ್ತ ಒಂದು ತುಂಡು ರಾತ್ರಿಯ ಊಟದ ಹೊತ್ತಿಗೆ ಪುಸ್ತಕದಂತೆ ತೆರೆದುಕೊಂಡಿತು. ಮನೆಯವರು ಗ್ಯಾಸ್ ಸಿಲಿಂಡರಿನ ಲೆಕ್ಕ ಕೇಳಿದರು. ಆದರೂ ಹಲಗೆಯ ವಿಷಯದಲ್ಲಿ ನಾನು ಈಗ ಮುದ್ರೆ ನೋಡುವುದಿಲ್ಲ, ಕುದಿಸಿ ನೋಡುತ್ತೇನೆ.

ಬ್ಲೋವರ್, ಹಲಗೆ, ರಬ್ಬರ್ ಹಾಳೆ, ಬಡಗಿಯ ಕೂಲಿ ಎಲ್ಲ ಸೇರಿ ಮೂವತ್ತು ಸಾವಿರದೊಳಗೆ ಮುಗಿಯಿತು.

ಸೋರಿಕೆ ನಿಂತ ಮೇಲೂ ಕಬ್ಬಿಣದ ಪಟ್ಟಿಗಳ ಮೇಲೆ ಬೆಳಗಿನ ಜಾವ ತೇವ ಕಾಣುತ್ತಿತ್ತು. ಅದು ಮಲಗಿದವರ ಉಸಿರಿನದು. ಕ್ಯಾಲ್ಸಿಯಂ ಕ್ಲೋರೈಡ್ ಇಟ್ಟರೆ ತೇವ ಚೆನ್ನಾಗಿ ಹೀರುತ್ತದೆ, ಆದರೆ ಕರಗಿದ ದ್ರವ ಚೆಲ್ಲಿದರೆ ಕಬ್ಬಿಣವನ್ನೇ ತಿನ್ನುತ್ತದೆ. ಸಿಲಿಕಾ ಜೆಲ್ ಅಷ್ಟು ಜಾಗಕ್ಕೆ ಸಾಲದು. ಈಗ ಗವಾಕ್ಷಿಯನ್ನೂ ಎದುರಿನ ಕಿಟಕಿಯನ್ನೂ ಎರಡು ಬೆರಳಷ್ಟು ತೆರೆದೇ ಮಲಗುತ್ತೇವೆ. ಪ್ರತಿ ವರ್ಷ ಮುಂಗಾರಿಗೆ ಮೊದಲು ಬ್ಲೋವರ್ ಹೊರತೆಗೆಯುತ್ತೇನೆ; ಈ ಸಲ ಸೋಲಾರ್ ಫಲಕದ ವೈರು ಒಳಬರುವಲ್ಲಿ ಸಣ್ಣಗೆ ನೊರೆ ಎದ್ದಿತ್ತು, ಬ್ಯುಟೈಲ್ ತುಂಡೊಂದರಲ್ಲಿ ಅದೂ ಮುಚ್ಚಿತು.