ಜಮಾಬಂದಿಗೆ ಟೇಪು ಹಿಡಿದು ಹೋದ ತರಗತಿ

ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತ, ರಾಷ್ಟ್ರೀಯ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿಯ ಹೊಣೆಯನ್ನೂ ಹೊತ್ತಿದ್ದ ನಾನು ಮೊದಲ ಕೆಲವು ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ: ಏಳು ದಿನಗಳ ವಿಶೇಷ ಶಿಬಿರ, ಬೆಳಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು; ನಮ್ಮಲ್ಲಿ ಅವು ಹೆಚ್ಚಾಗಿ ಪೊರಕೆ, ಸಲಿಕೆಗಳಲ್ಲೇ ಕಳೆದುಹೋಗುತ್ತಿದ್ದವು. ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ ಸಂವಿಧಾನದ 73ನೆಯ ತಿದ್ದುಪಡಿಯ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದ ವಿದ್ಯಾರ್ಥಿಗಳಿಗೆ ತಮ್ಮೂರಿನ ಗ್ರಾಮಸಭೆ ಎಲ್ಲಿ ಸೇರುತ್ತದೆ ಎಂಬುದೇ ಗೊತ್ತಿರಲಿಲ್ಲ.

ಹಾಗಾಗಿ ಒಂದು ವರ್ಷ ಜಮಾಬಂದಿಯನ್ನೇ ಪಾಠವಾಗಿಸಿದೆ. ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಊರವರ ಎದುರಿನಲ್ಲೇ ಪರಿಶೀಲಿಸುವ ಈ ಪ್ರಕ್ರಿಯೆ ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯಬೇಕು. ದಾಖಲೆಗಳು ಮೊದಲೇ ಕೈಯಲ್ಲಿರಲೆಂದು ಜುಲೈ ಆರಂಭದಲ್ಲೇ ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕುಳಿತೆವು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಅದು ಸುಲಭ. ಕಷ್ಟವಾದದ್ದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕೆಂಬ ಕರ್ನಾಟಕದ ನಿಯಮ. ಮೊದಲ ಕರಡು ಎರಡು ಪುಟವಿದ್ದು, ಅದರಲ್ಲಿ ಒಂದೂವರೆ ಪುಟ ಭ್ರಷ್ಟಾಚಾರದ ಮೇಲಿನ ಭಾಷಣವೇ ಆಗಿತ್ತು. ನಾಲ್ಕು ಬಾರಿ ತಿದ್ದಿದ ಮೇಲೆ ಉಳಿದದ್ದು ಮೂರು ಸಾಲು: ಇಂತಹ ಬೀದಿಯ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ ಮತ್ತು ಬಿಲ್ಲಿನ ಪ್ರತಿ. (ನನ್ನ ಯಾವ ಪ್ರಬಂಧ ಪಾಠವೂ ಅಷ್ಟು ಚೆನ್ನಾಗಿ ಕನ್ನಡ ಕಲಿಸಿದ್ದಿಲ್ಲ.)

ಅಳತೆ ಪುಸ್ತಕದಲ್ಲಿ 120 ಮೀಟರ್ ಎಂದಿತ್ತು. ಇಬ್ಬರು ವಿದ್ಯಾರ್ಥಿನಿಯರು ಟೇಪಿನ ಒಂದೊಂದು ತುದಿ ಹಿಡಿದು ಬೀದಿಯುದ್ದಕ್ಕೂ ಅಳೆದಾಗ ಸಿಕ್ಕದ್ದು 97. ತಂಡದವರ ಮುಖ ಅರಳಿತು, ನನ್ನದೂ. ಜಮಾಬಂದಿಯ ದಿನ ಒಬ್ಬಳು ಎದ್ದುನಿಂತು, 23 ಮೀಟರ್ ಎಲ್ಲಿ ಹೋಯಿತೆಂದು ಗಟ್ಟಿಯಾಗಿ ಕೇಳಿಯೇಬಿಟ್ಟಳು. ಎಂಜಿನಿಯರ್ ಉತ್ತರಿಸುವ ಮೊದಲೇ ಹಿಂದಿನ ಸಾಲಿನ ಅಜ್ಜಿಯೊಬ್ಬರು, “ಗುಡಿ ಹಿಂದೆ ನೋಡಿದ್ಯೇನವ್ವ? ಚಪ್ಪಡಿ ಕೆಳಗೈತೆ” ಎಂದರು. ಎಲ್ಲರೂ ಎದ್ದು ಹೋದೆವು. ಚಪ್ಪಡಿ ಸರಿಸಿದಾಗ ಚರಂಡಿ ಇತ್ತು, ಅದರ ತುಂಬ ಹೂಳೂ ಇತ್ತು. ಅಳತೆ ಸರಿ, ನೀರು ಮಾತ್ರ ಹರಿಯುತ್ತಿರಲಿಲ್ಲ.

ತಪ್ಪು ನನ್ನದು. ಊರವರನ್ನು ಒಂದು ಮಾತೂ ಕೇಳದೆ ಕಾಗದ ಮತ್ತು ಟೇಪನ್ನಷ್ಟೇ ನಂಬಲು ಕಲಿಸಿದ್ದೆ. ಆ ಹುಡುಗಿ ಸಭೆಯಲ್ಲೇ ಕ್ಷಮೆ ಕೇಳಿ, ಹೂಳೆತ್ತುವ ಬೇಡಿಕೆಯನ್ನು ನಡಾವಳಿಯಲ್ಲಿ ಬರೆಸಿದಳು. ಆಂತರಿಕ ಮೌಲ್ಯಮಾಪನದಲ್ಲಿ ನಾನು ಹೆಚ್ಚು ಅಂಕ ಕೊಟ್ಟದ್ದು ಅದಕ್ಕೇ; ತಪ್ಪಾಗಿ ಅಳೆದವಳಿಗೆ ಅಂಕವೇ ಎಂದು ಸಹೋದ್ಯೋಗಿಗಳು ಹುಬ್ಬೇರಿಸಿದ್ದೂ ಉಂಟು.

ಮರುವರ್ಷದ ತಂಡ ಟೇಪು ಬಿಚ್ಚುವುದಕ್ಕೆ ಮೊದಲು ಆ ಅಜ್ಜಿಯ ಜಗಲಿಯ ಮೇಲೆ ಅರ್ಧ ದಿನ ಕುಳಿತು, ಊರಿನ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ಕೇಳಿ ನಕ್ಷೆ ಬರೆದುಕೊಂಡಿತು.